ಮೇ ತಿಂಗಳಲ್ಲಿ ಜಪಾನ್, 68ರ ಅತ್ತೆ ಜೊತೆ: ನಮ್ಮ ಪ್ಲ್ಯಾನ್ ಸ್ವಲ್ಪ ನೋಡಿ ಹೇಳ್ತೀರಾ?

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಕೇಳ್ತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ನಾವು ಮೈಸೂರಿನವರು. ನಾನು, ನಮ್ಮ ಯಜಮಾನ್ರು, 9 ವರ್ಷದ ಮಗಳು, 68 ವರ್ಷದ ಅತ್ತೆ. ಮಗಳ ಬೇಸಿಗೆ ರಜೆ ಮುಗಿಯೋದರೊಳಗೆ ಜಪಾನಿಗೆ ಹೋಗಿಬರಬೇಕು ಅಂತ ಎರಡು ವರ್ಷದಿಂದ ದುಡ್ಡು ಕೂಡಿಟ್ಟಿದ್ದೀವಿ. 11 ದಿನ ಸಿಗುತ್ತೆ. ಯಜಮಾನ್ರು ಮಾಡಿರೋ ಪಟ್ಟಿ ಇದು: ಟೋಕಿಯೋ, ಫುಜಿ ಬೆಟ್ಟ, ತಕಾಯಾಮಾ, ಕ್ಯೋಟೋ, ನಾರಾ, ಒಸಾಕಾ, ಹಿರೋಶಿಮಾ, ಆಗೋದಾದ್ರೆ ಎರಡು ದಿನ ಉತ್ತರ ತುದಿಯ ಹೊಕ್ಕೈಡೋ ದ್ವೀಪ. ಏಪ್ರಿಲ್ 30ಕ್ಕೆ ಹೊರಟು ಮೇ 10ಕ್ಕೆ ವಾಪಸ್ ಬರೋದು ಅಂತ ಯೋಚನೆ. ಟಿಕೆಟ್ ಇನ್ನೂ ಮಾಡಿಲ್ಲ.

ತೊಂದರೆ ಮೂರು. ಅತ್ತೆಗೆ ಮಂಡಿ ನೋವು, ಒಂದು ಮೈಲಿ ನಡೆದರೆ ಕೂರಲೇಬೇಕು. ಎರಡನೇದು ಊಟ. ಅವರು ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ತಿನ್ನಲ್ಲ. ಮೂರನೇದು ಏನಂದ್ರೆ, ಈ ಪ್ರವಾಸಕ್ಕೆ ಕಾರಣವೇ ಒಂದು ಹಳೇ ಪಿಕ್ಚರ್ ಕಾರ್ಡು.

ನಮ್ಮ ಮಾವ 1983ರಲ್ಲಿ ಫ್ಯಾಕ್ಟರಿಯಿಂದ ತರಬೇತಿಗೆ ಅಂತ ನಾಲ್ಕು ತಿಂಗಳು ಜಪಾನಿನಲ್ಲಿದ್ದರು. ಆಗ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಅಲ್ಲಿಂದ ಅತ್ತೆಗೆ ಒಂದು ಕಾರ್ಡು ಹಾಕಿದ್ದರು. ಚಪ್ಪರದಿಂದ ನೇರಳೆ ಬಣ್ಣದ ಹೂವು ಗೊಂಚಲು ಗೊಂಚಲಾಗಿ ಇಳಿಬಿದ್ದಿದೆ, ಕೆಳಗೆ ಜನ ಕೂತಿದ್ದಾರೆ. ಹಿಂದೆ ಕನ್ನಡದಲ್ಲಿ ಎರಡೇ ಸಾಲು: "ಇದು ಫುಜಿ. ಮುಂದಿನ ಸಲ ನಿನ್ನನ್ನೂ ಕರ್ಕೊಂಡು ಬರ್ತೀನಿ." ಆ ಮುಂದಿನ ಸಲ ಬರಲೇ ಇಲ್ಲ. ಮಾವ ತೀರಿಕೊಂಡು ಮೂರು ವರ್ಷ ಆಯ್ತು. ಅತ್ತೆ ಈಗಲೂ ಹೇಳ್ತಾರೆ, "ಬೆಟ್ಟದ ಕಾರ್ಡು ಅಂತ ತಿಳ್ಕೊಂಡು ಹೂವಿನ ಕಾರ್ಡು ಹಾಕಿಬಿಟ್ರು ಪಾಪ, ಅವಸರದಲ್ಲಿ" ಅಂತ. ಅದಕ್ಕೇ ಫುಜಿ ಬೆಟ್ಟ ತೋರಿಸಲೇಬೇಕು. ಆ ಹೂವೂ ಎಲ್ಲಾದರೂ ಸಿಕ್ಕಿದರೆ ತುಂಬಾ ಸಂತೋಷ. ಅದರ ಹೆಸರು ಯಾರಿಗಾದರೂ ಗೊತ್ತಾ?

ಹಾಸನದವನು

ಮೊದಲು ಹೊಕ್ಕೈಡೋ ತೆಗೆದುಹಾಕಿ. ಆಮೇಲೆ ಮಾತಾಡೋಣ.

ಗಾಂಧಿಬಜಾರ್ ಓದುಗ

ಏಪ್ರಿಲ್ 30ರಿಂದ ಮೇ 10?? ದಯವಿಟ್ಟು ಬೇಡ. ಅದು ಗೋಲ್ಡನ್ ವೀಕ್. ಏಪ್ರಿಲ್ 29ಕ್ಕೆ ಒಂದು ರಜೆ, ಮೇ 3, 4, 5 ಸಾಲಾಗಿ ಮೂರು ರಜೆ. ಭಾನುವಾರ ಒಂದು ಬಿದ್ದರೆ 6ಕ್ಕೂ ಮುಂದುವರಿಯುತ್ತೆ. ಇಡೀ ಜಪಾನ್ ಒಟ್ಟಿಗೆ ಊರಿಗೆ ಹೊರಟಿರುತ್ತೆ. ನಮ್ಮಲ್ಲಿ ದೀಪಾವಳಿ ಹಿಂದಿನ ದಿನ ಮೆಜೆಸ್ಟಿಕ್ ಹೇಗಿರುತ್ತೆ ನೆನಪಿಸಿಕೊಳ್ಳಿ. ಸಾಲು ನೀಟಾಗಿರುತ್ತೆ ಅಷ್ಟೇ, ಜನ ಅಷ್ಟೇ. ಹೋಟೆಲ್ ರೇಟು ಜಾಸ್ತಿ, ರೈಲಿನಲ್ಲಿ ಸೀಟು ಇರಲ್ಲ. ಮಂಡಿ ನೋವಿರೋರನ್ನ ಆ ನೂಕುನುಗ್ಗಲಿಗೆ ಕರ್ಕೊಂಡು ಹೋಗಬೇಡಿ.

ನವಿಲುಗರಿ

ಮೇ 7ರ ಮೇಲೆ ಹೋಗಿ ಅಕ್ಕ. ಹವಾ ತುಂಬಾ ಚೆನ್ನಾಗಿರುತ್ತೆ. ಹಗಲು 23–24 ಡಿಗ್ರಿ, ರಾತ್ರಿಗೆ ಒಂದು ಸ್ವೆಟರ್ ಸಾಕು. ಟೋಕಿಯೋ ಕಡೆ ಮಳೆಗಾಲ ಶುರುವಾಗೋದು ಜೂನ್ ಮೊದಲ ಭಾಗದಲ್ಲಿ. ಅಷ್ಟರಲ್ಲಿ ನೀವು ವಾಪಸ್ ಬಂದು ಮಗಳಿಗೆ ಪುಸ್ತಕಕ್ಕೆ ಬೈಂಡ್ ಹಾಕ್ತಿರ್ತೀರಿ.

ಟೋಕಿಯೋ ಕನ್ನಡಿಗ

ಸಂಪಿಗೆಯವರೇ, ನಾನು ಇಲ್ಲಿಗೆ ಬಂದು 14 ವರ್ಷ. ನಿಮ್ಮ ಪೋಸ್ಟ್ ಓದಿ ಒಂದು ನಿಮಿಷ ಹಾಗೇ ಕೂತುಬಿಟ್ಟೆ.

ನಿಮ್ಮ ಮಾವ ತಪ್ಪು ಕಾರ್ಡು ಹಾಕಿರಲಿಲ್ಲ. ಆ ಹೂವಿನ ಹೆಸರೇ ಫುಜಿ. ಇಂಗ್ಲಿಷಿನಲ್ಲಿ ವಿಸ್ಟೀರಿಯಾ ಅಂತಾರಲ್ಲ, ಅದಕ್ಕೆ ಜಪಾನೀ ಹೆಸರು ಫುಜಿ. ಬೆಟ್ಟಕ್ಕೂ ಅದೇ ಹೆಸರು, ಬರೆಯೋ ಅಕ್ಷರ ಮಾತ್ರ ಬೇರೆ. ಅವರು ಹೂವನ್ನೇ ನೋಡಿ, ಹೂವಿನದ್ದೇ ಕಾರ್ಡು ತಗೊಂಡು, ಸರಿಯಾಗೇ ಬರೆದಿದ್ದಾರೆ.

ಸಂಪಿಗೆಮರ

ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ಈಗ ಅಡುಗೆಮನೆಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು "ಇನ್ನೊಂದು ಸಲ ಓದು" ಅಂದರು. ಓದಿದೆ. ಆಮೇಲೆ ಒಳಗೆ ಹೋಗಿ ಬೀರು ತೆಗೆದು ಕಾರ್ಡು ನೋಡ್ತಾ ಕೂತಿದ್ದಾರೆ. 43 ವರ್ಷ ತಪ್ಪು ಕಾರ್ಡು ಅಂತಲೇ ಅಂದುಕೊಂಡಿದ್ದರು.

ಹಾಗಾದ್ರೆ ಬೆಟ್ಟ ಬಿಟ್ಟರೂ ಪರವಾಗಿಲ್ಲ. ಹೂವು ನೋಡಬೇಕು. ಮೇ 7ರ ಮೇಲೆ ಹೋದರೆ ಇರುತ್ತಾ?

ಟೋಕಿಯೋ ಕನ್ನಡಿಗ

ಕಷ್ಟ ಇರೋದು ಇಲ್ಲೇ. ಟೋಕಿಯೋ ಸುತ್ತಮುತ್ತ ನೇರಳೆ ಫುಜಿ ಭರ್ತಿ ಅರಳೋದು ಏಪ್ರಿಲ್ ಕೊನೆಯಲ್ಲಿ. ಅಂದ್ರೆ ಸರಿಯಾಗಿ ಗೋಲ್ಡನ್ ವೀಕ್ ಹೊತ್ತಿಗೆ. ಈಚೆಗೆ ಬಿಸಿಲು ಬೇಗ ಬರ್ತಿರೋದರಿಂದ ಹೂವೂ ಕೆಲವು ವರ್ಷ ಬೇಗ ಮುಗಿಯುತ್ತೆ.

ಆದರೆ ಆಶಿಕಾಗಾ ಫ್ಲವರ್ ಪಾರ್ಕ್ ಅಂತ ಒಂದಿದೆ, ಟೋಕಿಯೋದ ಉತ್ತರಕ್ಕಿರೋ ತೋಚಿಗಿಯಲ್ಲಿ. ಅಲ್ಲಿ ಫುಜಿ ಒಂದೇ ಸಲ ಅರಳಲ್ಲ. ಮೊದಲು ತಿಳಿ ಗುಲಾಬಿ, ಆಮೇಲೆ ನೇರಳೆ, ಆಮೇಲೆ ಬಿಳಿ, ಕೊನೆಗೆ ಹಳದಿ. ಹಳದಿಯದು ಸರಿಯಾದ ಫುಜಿ ಅಲ್ಲ, ಬೇರೆ ಜಾತಿ, ನೋಡೋಕೆ ಮಾತ್ರ ನಮ್ಮ ಕಕ್ಕೆ ಹೂವಿನ ಥರವೇ ಜೋತುಬಿದ್ದಿರುತ್ತೆ. ಮೇ 8ರ ಹೊತ್ತಿಗೆ ಬಿಳಿಯ ಕೊನೆ, ಹಳದಿ ಸಿಗಬಹುದು. ನೇರಳೆ ಸಿಕ್ಕರೆ ಅದೃಷ್ಟ.

ಅಲ್ಲಿನ ದೊಡ್ಡ ಮರಕ್ಕೆ ಸುಮಾರು 160 ವರ್ಷ. ಒಂದೇ ಬುಡದಿಂದ ಹಬ್ಬಿ ಸಾವಿರ ಚದರ ಮೀಟರ್ ಚಪ್ಪರ ತುಂಬಿದೆ. ಅದು ಹುಟ್ಟಿದ ಜಾಗ ಅದಲ್ಲ. 1996ರಲ್ಲಿ 20 ಕಿಲೋಮೀಟರ್ ದೂರದಿಂದ ಕಿತ್ತು ತಂದು ನೆಟ್ಟರು. ಅಷ್ಟು ದೊಡ್ಡ ಫುಜಿ ಸಾಗಿಸೋಕೆ ಆಗಲ್ಲ ಅಂತ ಎಲ್ಲರೂ ಕೈಚೆಲ್ಲಿದ್ದರು. ಒಬ್ಬ ಮಹಿಳೆ, ಕೊನಾಮಿ ತ್ಸುಕಾಮೊಟೊ ಅಂತ, ಮರಗಳ ವೈದ್ಯೆ, ಅವರು ಮುಂದೆ ನಿಂತು ಮಾಡಿಸಿದರು.

ಲೆಕ್ಕದ ಮೇಷ್ಟ್ರು

ಹೋಗೋ ದಾರಿ: ಟೋಕಿಯೋದಿಂದ ಒಯಾಮಾ ತನಕ ಶಿಂಕನ್ಸೆನ್ (ಬುಲೆಟ್ ರೈಲು), ಅಲ್ಲಿಂದ ರ್‍ಯೋಮೋ ಲೈನ್. ಪಾರ್ಕಿನ ಹೆಸರಲ್ಲೇ 2018ರಲ್ಲಿ ಸ್ಟೇಷನ್ ಮಾಡಿದ್ದಾರೆ, ಇಳಿದರೆ ಎದುರಿಗೇ ಪಾರ್ಕು. ಮಂಡಿ ನೋವಿರೋರಿಗೆ ಒಳ್ಳೆಯದು. ಟಿಕೆಟ್ ದರ ಹೂವಿನ ಸ್ಥಿತಿ ನೋಡಿ ಏರಿಸ್ತಾರೆ, ಇಳಿಸ್ತಾರೆ.

ಕಡಲತಡಿ

ಹಾಗಾದ್ರೆ ಏಪ್ರಿಲ್ ಕೊನೆಗೇ ಹೋಗಲಿ ಅಲ್ವಾ? ಕಾರಣವೇ ಹೂವು ಅಂದಮೇಲೆ ಜನಜಂಗುಳಿಗೆ ಹೆದರೋದೇಕೆ? ಏಪ್ರಿಲ್ 20ರಿಂದ 30, ಗೋಲ್ಡನ್ ವೀಕ್ ಜೋರಾಗೋದರೊಳಗೆ ವಾಪಸ್.

ಸಂಪಿಗೆಮರ

ಅದೇ ಆಸೆ ನಮಗೂ. ಆದ್ರೆ ಯಜಮಾನ್ರಿಗೆ ಮೇ 5ರ ತನಕ ಆಫೀಸಿನಲ್ಲಿ ರಜೆ ಕೊಡಲ್ವಂತೆ. ನಿನ್ನೆ ಕೇಳಿ ಬಂದರು. ಹಾಗಾಗಿ ಮೇ 7 ಅಂತಲೇ ಗಟ್ಟಿ.

ಒಸಾಕಾದ ಸೊಸೆ

ಸಂಪಿಗೆ ಅಕ್ಕ, ಬೇಜಾರು ಮಾಡ್ಕೋಬೇಡಿ. ಪಾರ್ಕಿನ ಫುಜಿ ಮುಗಿದರೂ ಕಾಡಿನ ಫುಜಿ ಇರುತ್ತೆ. ಬೆಟ್ಟದ ಕಡೆ ತಡವಾಗಿ ಅರಳುತ್ತೆ. ನಾನು ಹೋದ ವರ್ಷ ಮೇ 13ಕ್ಕೆ ನಮ್ಮ ಅಮ್ಮನನ್ನ ಕೋಯಾಸಾನಿಗೆ ಕರ್ಕೊಂಡು ಹೋಗಿದ್ದೆ. ಒಸಾಕಾದ ನಂಬಾದಿಂದ ನಂಕೈ ರೈಲು. ಹಾಶಿಮೊಟೊ ದಾಟಿದ ಮೇಲೆ ರೈಲು ಕಣಿವೆ ಒಳಗೆ ಹೊಕ್ಕು ನಿಧಾನ ಆಗುತ್ತೆ, ನಮ್ಮ ಸಕಲೇಶಪುರ ಘಾಟಿನ ಹಾಗೆ. ಒಂದು ತಿರುವಿನಲ್ಲಿ ಸೀಡರ್ ಮರದ ಮೇಲೆ ಹೂವು. ಮರದ್ದಲ್ಲ, ಬಳ್ಳಿ ಹತ್ತಿರೋದು. ಬುಡದಿಂದ ತುದಿ ತನಕ ನೇರಳೆ. ಕಿಟಕಿಗೆ ಅಷ್ಟು ಹತ್ತಿರ, ಗಾಜಿಗೆ ತಾಗುತ್ತೇನೋ ಅನ್ನಿಸ್ತು. ಅಮ್ಮ "ಅಯ್ಯೋ ನಿಲ್ಸು" ಅಂದರು, ರೈಲನ್ನ!

ಚಪ್ಪರ ಇಲ್ಲ, ಟಿಕೆಟ್ ಇಲ್ಲ. ನಾನಂತೂ ಪಾರ್ಕಿಗಿಂತ ಅದನ್ನೇ ಹೆಚ್ಚು ಅಂತೀನಿ.

ಡಿ.ಎ. ಪುರ

ಕೋಯಾಸಾನ್ ಅಂದ್ರೆ ಏನು?

ಒಸಾಕಾದ ಸೊಸೆ

ಬೆಟ್ಟದ ಮೇಲಿನ ದೇವಸ್ಥಾನಗಳ ಊರು. ಸುಮಾರು 800 ಮೀಟರ್ ಎತ್ತರ. ಕೂಕಾಯ್ ಅನ್ನೋ ಗುರುಗಳು, ಕೋಬೋ ದಾಯಿಶಿ ಅಂತಲೂ ಕರೀತಾರೆ, 816ರಲ್ಲಿ ಶುರು ಮಾಡಿದ್ದು. ಈಗಲೂ ನೂರಕ್ಕೂ ಹೆಚ್ಚು ಮಠಗಳಿವೆ, ಅದರಲ್ಲಿ ಐವತ್ತರಷ್ಟು ಕಡೆ ರಾತ್ರಿ ಉಳಿದುಕೊಳ್ಳಬಹುದು.

ಅಕ್ಕ, ನಿಮ್ಮ ಎರಡನೇ ತೊಂದರೆಗೆ ಉತ್ತರವೂ ಅಲ್ಲೇ ಇದೆ. ಮಠದ ಊಟಕ್ಕೆ ಶೋಜಿನ್ ರ್‍ಯೋರಿ ಅಂತಾರೆ. ಮಾಂಸ, ಮೀನು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ! ಅವರಿಗೂ ಅದು ನಿಷಿದ್ಧವೇ. ಸಾರಿಗೆ ಮೀನಿನ ಬದಲು ಕೊಂಬು ಅನ್ನೋ ಕಡಲ ಸೊಪ್ಪು, ಶಿಟಾಕೆ ಅಣಬೆ ಹಾಕ್ತಾರೆ. ಎಳ್ಳಿನ ಹಾಲಿನಿಂದ ಗೋಮಾ ದೋಫು ಅಂತ ಮಾಡ್ತಾರೆ, ನಮ್ಮ ಹಾಲುಬಾಯಿ ಥರ ನುಣ್ಣಗೆ, ಸಿಹಿ ಮಾತ್ರ ಇರಲ್ಲ. ನಮ್ಮಮ್ಮ ಇಡೀ ಪ್ರವಾಸದಲ್ಲಿ ನೆಮ್ಮದಿಯಾಗಿ ಹೊಟ್ಟೆತುಂಬ ಉಂಡಿದ್ದು ಆ ಒಂದು ರಾತ್ರಿ, ಮಾರನೇ ಬೆಳಗ್ಗೆ. ಆದರೂ ಬುಕ್ ಮಾಡುವಾಗ ಮೊಟ್ಟೆ ಬೇಡ ಅಂತ ಒಂದು ಸಲ ಬರೆದು ಕೇಳಿ.

ಹುಬ್ಬಳ್ಳಿ ಅಣ್ಣ

ಬೆಳಗ್ಗೆ ಅಲ್ಲಿ ಹೋಮ ಮಾಡ್ತಾರೆ, ಅದನ್ನೂ ಹೇಳ್ರಿ! ಅವರು "ಗೋಮಾ" ಅಂತಾರ, ನಮ್ಮ "ಹೋಮ"ವೇ ಅಲ್ಲಿಗೆ ಹೋಗಿ ಹಂಗಾಗಿದ್ದು. ಬೆಂಕಿಗೆ ಸಮಿತ್ತು ಹಾಕೋದು, ಮಂತ್ರ, ಡೋಲು. ನಾನು ಕಣ್ಣು ಮುಚ್ಚಿ ಕೂತಿದ್ದೆ, ನಮ್ಮ ಅಜ್ಜನ ಮನೆ ನೆನಪಾಯ್ತು. ಮೇಲೆ ಹೇಳಿದ ಎಳ್ಳಿನ "ಗೋಮಾ" ಬೇರೆ, ಈ "ಗೋಮಾ" ಬೇರೆ, ಗೊಂದಲ ಮಾಡ್ಕೋಬ್ಯಾಡ್ರಿ.

ಗಾಂಧಿಬಜಾರ್ ಓದುಗ

ಇದಕ್ಕೆ ಇನ್ನೊಂದು ಸೇರಿಸ್ತೀನಿ. ಕೋಯಾಸಾನಿನ ಸಮಾಧಿಗಳ ಮೇಲೆ ಸಿದ್ಧಂ ಲಿಪಿ ಕಾಣುತ್ತೆ. ಸಂಸ್ಕೃತ ಬರೆಯೋಕೆ ನಮ್ಮ ದೇಶದಿಂದ ಹೋದ ಹಳೇ ಲಿಪಿ. ಇಲ್ಲಿ ಮರೆತುಹೋಯ್ತು, ಅಲ್ಲಿ ಇನ್ನೂ ಬಳಕೆಯಲ್ಲಿದೆ. ಜಪಾನೀ ಅಕ್ಷರಮಾಲೆ ಕೇಳಿ ನೋಡಿ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳಿಗೆ ಅರ್ಧ ದಾರಿ ಗೊತ್ತಿದ್ದ ಹಾಗೇ. ಸಂಪಿಗೆಯವರೇ, ಮಗಳಿಗೆ ಈಗಿನಿಂದಲೇ ಕಲಿಸಿ. ಒಂದು ತಿಂಗಳಲ್ಲಿ ಬೋರ್ಡ್ ಓದ್ತಾಳೆ.

ಹಾಸನದವನು

ಎಲ್ಲಾ ಸರಿ ಸಾರ್, ಆದ್ರೆ ಮಂಡಿ ನೋವಿನ ಅಜ್ಜಿನ ಮಠದಲ್ಲಿ ನೆಲದ ಮೇಲೆ ಮಲಗಿಸ್ತೀರಾ? ಚಾಪೆ ಮೇಲೆ ಹಾಸಿಗೆ. ಊಟಕ್ಕೂ ನೆಲಕ್ಕೇ ಕೂರಬೇಕು. ನನ್ನ ತಂದೆಗೆ ಎದ್ದೇಳೋಕೇ ಆಗಿರಲಿಲ್ಲ. ನಾನೂ ತಮ್ಮನೂ ಎರಡು ಕಡೆ ಹಿಡಿದು ಎತ್ತಿದ್ವಿ. ಚೆಂದ ಮಾತ್ರ ಹೇಳಬೇಡಿ, ಇದನ್ನೂ ಹೇಳಿ.

ಒಸಾಕಾದ ಸೊಸೆ

ಹಾಸನದವರೇ, ನೀವು ಹೇಳಿದ್ದು ಸರಿ, ನಾನು ಬಿಟ್ಟುಬಿಟ್ಟೆ. ಮಂಚ ಇರೋ ಕೋಣೆ, ಕುರ್ಚಿ ಇರೋ ಊಟದ ಮನೆ ಕೆಲವು ಮಠಗಳಲ್ಲಿ ಮಾತ್ರ ಇದೆ. ಬುಕ್ ಮಾಡೋ ಮುಂಚೆ ಎರಡನ್ನೂ ಕೇಳಲೇಬೇಕು. ಶೌಚಾಲಯ ಕೋಣೆಯಲ್ಲೇ ಇದೆಯಾ ಅಂತಲೂ ಕೇಳಿ. ರಾತ್ರಿ ಊಟ ಐದೂವರೆ, ಆರಕ್ಕೇ ಬಡಿಸ್ತಾರೆ, ಆಮೇಲೆ ಬಾಗಿಲು ಹಾಕ್ತಾರೆ. ತಡವಾಗಿ ಹೋಗೋ ಹಾಗಿಲ್ಲ.

ಡಾಕ್ಟರಮ್ಮ

ಮಂಡಿ ಅಂದಾಗ ನೆನಪಾಯ್ತು. ಔಷಧಿ ವಿಷಯದಲ್ಲಿ ಜಪಾನ್ ತುಂಬಾ ಕಟ್ಟುನಿಟ್ಟು. ನಮ್ಮಲ್ಲಿ ನೆಗಡಿಗೆ ಸುಮ್ನೆ ನುಂಗೋ ಮಾತ್ರೆಗಳಲ್ಲಿ ಕೆಲವಕ್ಕೆ ಸೂಡೋಎಫೆಡ್ರಿನ್ ಹಾಕಿರ್ತಾರೆ. ಅದು 10 ಶೇಕಡಕ್ಕಿಂತ ಜಾಸ್ತಿ ಇದ್ದರೆ ಒಳಗೆ ಬಿಡಲ್ಲ. ಕೋಡಿನ್ ಇರೋ ಔಷಧಿಗೂ ಮಿತಿ ಇದೆ. ನೋವಿನ ಮಾತ್ರೆಗಳಲ್ಲೂ ಕೆಲವು ಬಿಗಿ ಇವೆ. ಅತ್ತೆಯ ಮಾತ್ರೆಗಳ ಒಳಗಿನ ಔಷಧಿ ಹೆಸರು ಬರೆದುಕೊಂಡು ಒಂದೊಂದನ್ನೂ ಮುಂಚೆಯೇ ನೋಡಿಕೊಳ್ಳಿ. ಡಾಕ್ಟರ್ ಚೀಟಿಯ ಔಷಧಿ ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು. ಚೀಟಿ ಜೊತೆಗಿರಲಿ. ಮಾತ್ರೆ ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ.

ತೀರ್ಥಹಳ್ಳಿ ಕಾಯಿಕಡುಬು

ಊಟದ ವಿಷಯ ಅಷ್ಟಕ್ಕೇ ಬಿಡಬೇಡಿ, ಅದೇ ದೊಡ್ಡದು. ನಾನು ಎರಡು ಸಲ ಹೋಗಿದ್ದೀನಿ, ಶುದ್ಧ ಸಸ್ಯಾಹಾರಿ.

ಅಲ್ಲಿ ಕಣ್ಣಿಗೆ ಮೀನು ಕಾಣಲ್ಲ, ಆದ್ರೆ ಎಲ್ಲದರಲ್ಲೂ ಇರುತ್ತೆ. ಹೆಸರು ದಾಶಿ. ಬೊನಿಟೊ ಮೀನನ್ನ ಒಣಗಿಸಿ, ಹೊಗೆಯಾಡಿಸಿ, ಹೆರೆದು ಕುದಿಸಿದ ನೀರು. ಮಿಸೋ ಸೂಪು, ಸೋಬಾ ನೂಡಲ್ಸಿನ ಸಾರು, ಬೇಯಿಸಿದ ತರಕಾರಿ, ಎಲ್ಲಕ್ಕೂ ಅದೇ ಬುನಾದಿ. "ಮೀನು ಹಾಕಿದ್ದೀರಾ?" ಅಂದರೆ "ಇಲ್ಲ" ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ಅವರ ಲೆಕ್ಕದಲ್ಲಿ ದಾಶಿ ಮೀನಲ್ಲ, ನಮಗೆ ಒಗ್ಗರಣೆ ಇದ್ದ ಹಾಗೆ. ನೀವು ದಾಶಿ ಅನ್ನೋ ಹೆಸರು ಹಿಡಿದೇ ಕೇಳಬೇಕು. ನಿಕು ಅಂದ್ರೆ ಮಾಂಸ, ಸಕಾನಾ ಮೀನು, ತಮಾಗೊ ಮೊಟ್ಟೆ. ಈ ನಾಲ್ಕು ಪದ ಜಪಾನಿಯಲ್ಲಿ ಬರೆಸಿದ ಒಂದು ಕಾರ್ಡು ಪರ್ಸಿನಲ್ಲಿರಲಿ.

ಪ್ಯಾಕೆಟ್ ಮೇಲಿನ ಅಲರ್ಜಿ ಪಟ್ಟಿ ನಂಬಿ ಮೋಸ ಹೋಗಬೇಡಿ. ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಇದ್ದರೆ ಬರೆಯಲೇಬೇಕು ಅಂತ ಕಾನೂನಿದೆ. ಬೊನಿಟೊ ಮೀನಿಗೆ ಆ ಕಾನೂನಿಲ್ಲ. ಹಾಗಾಗಿ ಸಾಮಾನಿನ ಪೂರ್ತಿ ಪಟ್ಟಿಯನ್ನ ಫೋನಿನಲ್ಲಿ ಅನುವಾದ ಮಾಡಿಸಿ ಓದಿ.

ಡಿ.ಎ. ಪುರ

ಅನ್ನ ಮೊಸರು ಸಿಗಲ್ವಾ? ಅಷ್ಟು ಸಿಕ್ಕರೆ ನಮ್ಮ ಮನೆಯವರಿಗೆ ಎಲ್ಲಿಗೆ ಹೋದರೂ ನಡೆಯುತ್ತೆ.

ತೀರ್ಥಹಳ್ಳಿ ಕಾಯಿಕಡುಬು

ಸಿಗುತ್ತೆ! ಅದನ್ನೇ ಹೇಳೋಕೆ ಬಂದೆ. ಕೊಂಬಿನಿ ಅಂತ 24 ಗಂಟೆ ಅಂಗಡಿಗಳು ಮೂಲೆಮೂಲೆಗೂ ಇವೆ. ಬೆಂದ ಬಿಳಿ ಅನ್ನದ ಪ್ಯಾಕೆಟ್ ಸಿಗುತ್ತೆ, ಎರಡು ನಿಮಿಷ ಮೈಕ್ರೋವೇವಿನಲ್ಲಿಟ್ಟರೆ ಆಯ್ತು. ಮೊಸರಿಗೆ ಮೇಜಿ ಬಲ್ಗೇರಿಯಾ ಅಂತ 400 ಗ್ರಾಮಿನ ಡಬ್ಬ, ಸಪ್ಪೆ ಇರೋದು, ಸಕ್ಕರೆ ಹಾಕಿಲ್ಲದ್ದು. ಸಿಹಿ ಮೊಸರಲ್ಲಿ ಕೆಲವಕ್ಕೆ ಜೆಲಾಟಿನ್ ಇರುತ್ತೆ, ಅದು ಬೇಡ.

ನಮ್ಮ ಅಕ್ಕ ಊರಿಂದ ಒಂದು ಸಣ್ಣ ಡಬ್ಬಿಯಲ್ಲಿ ಸಾಸಿವೆ, ಇಂಗು, ಒಣಮೆಣಸು ಒಗ್ಗರಣೆ ಮಾಡಿ ಆರಿಸಿ ತಂದಿದ್ದಳು, ಕರಿದ ಮಜ್ಜಿಗೆ ಮೆಣಸಿನ ಜೊತೆ. ಕ್ಯೋಟೋದಲ್ಲಿ ಹೋಟೆಲ್ ಮಂಚದ ಮೇಲೆ ಟವೆಲ್ ಹಾಸಿ, ಕಾಗದದ ಬಟ್ಟಲಲ್ಲಿ ಅನ್ನ ಕಿವುಚಿ, ಮೊಸರು ಸುರಿದು, ಒಂದು ಚಮಚ ಆ ಒಗ್ಗರಣೆ ಹಾಕಿದಳು. ಮೆಣಸಿನಕಾಯಿ ಮುರಿದ ಸದ್ದು ಕೇಳಿ ನಮ್ಮ ಭಾವ ಸ್ನಾನ ಅರ್ಧಕ್ಕೇ ಬಿಟ್ಟು ಹೊರಗೆ ಬಂದರು.

ಲೆಕ್ಕದ ಮೇಷ್ಟ್ರು

ಇಲ್ಲಿಂದ ಸಣ್ಣ ಕುಕ್ಕರ್ ಒಯ್ಯೋಣ ಅಂತ ಯಾರಾದರೂ ಹೇಳೋ ಮುಂಚೆ ಹೇಳಿಬಿಡ್ತೀನಿ. ಅಲ್ಲಿ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಕುಕ್ಕರ್ ಹಾಕಿದರೆ ಐದರಲ್ಲಿ ಒಂದು ಭಾಗದಷ್ಟೇ ಬಿಸಿ ಆಗುತ್ತೆ. ಅಕ್ಕಿ ನೆನೆಯುತ್ತೆ, ಬೇಯಲ್ಲ. ಪಿನ್ನೂ ಬೇರೆ, ಎರಡು ಚಪ್ಪಟೆ ಕಡ್ಡಿ. ಫೋನ್ ಚಾರ್ಜರಿಗೆ ಒಂದು ಅಡಾಪ್ಟರ್ ತಗೊಳ್ಳಿ, ಸಾಕು.

ನವಿಲುಗರಿ

ಕರಿಬೇವು, ಹಸಿಮೆಣಸು, ಮಾವಿನಹಣ್ಣು ಒಯ್ಯಬೇಡಿ ಅಕ್ಕ. ಹಸಿ ಹಣ್ಣು, ಸೊಪ್ಪನ್ನ ಸರ್ಟಿಫಿಕೇಟ್ ಇಲ್ಲದೆ ಒಳಗೆ ಬಿಡಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ನಾವು ಒಯ್ದಿದ್ವಿ, ಕಸ್ಟಮ್ಸಿನವರಿಗೆ ಹೇಳಿಯೇ ಒಯ್ದಿದ್ವಿ.

ಕಡಲತಡಿ

ಇಷ್ಟೆಲ್ಲ ತಲೆನೋವು ಯಾಕೆ? ಪ್ಯಾಕೇಜ್ ಟೂರ್ ತಗೊಳ್ಳಿ. ಅಡುಗೆಯವರು ಜೊತೆಗೇ ಬರ್ತಾರೆ, ಬಸ್ಸು ಬಾಗಿಲಿಗೇ ಬರುತ್ತೆ. ಹಿರಿಯರಿದ್ದಾಗ ಅದೇ ಒಳ್ಳೆಯದು.

ಹುಬ್ಬಳ್ಳಿ ಅಣ್ಣ

ನಾವು ಹಂಗೇ ಹೋಗಿದ್ವಿ. ಯಾವ ಕಂಪನಿ ಅಂತ ಹೇಳಲ್ಲ. ಬೆಳಗ್ಗೆ 6ಕ್ಕೆ ಎಬ್ಬಿಸಿ, ದಿನಕ್ಕೆ ಐದು ಜಾಗ, ಒಂದೊಂದು ಕಡೆ ನಲವತ್ತು ನಿಮಿಷ. ನಮ್ಮವ್ವ ಇನ್ನೂ ಬಸ್ಸಿನ ಮೆಟ್ಟಿಲು ಇಳೀತಿರುವಾಗಲೇ ಮುಂದಿನವರು ವಾಪಸ್ ಬರ್ತಿದ್ದರು. ಊಟ ಮಾತ್ರ ಚಲೋ ಇತ್ತು, ಅದನ್ನ ಒಪ್ಪಿಕೋತೀನಿ. ಆದರ ಇವರು ಹೋಗ್ತಿರೋದು ಒಂದು ಹೂವು ನೋಡಾಕ. ಅದರ ಕೆಳಗ ಒಂದು ತಾಸು ಕೂರಾಕ ಯಾವ ಟೂರಿನವರು ಬಿಡ್ತಾರ್ರೀ?

ಕಡಲತಡಿ

ಅದು ಹೌದು. ಒಪ್ಪಿದೆ.

ಸಂಪಿಗೆಮರ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ! ನೋಟ್‌ಬುಕ್ಕಿನಲ್ಲಿ ಬರೆದುಕೊಳ್ತಿದ್ದೀನಿ. ಅತ್ತೆ ಒಗ್ಗರಣೆ ಡಬ್ಬಿ ವಿಷಯ ಕೇಳಿ ಈಗಲೇ ಡಬ್ಬಿ ಹುಡುಕ್ತಿದ್ದಾರೆ.

ಯಜಮಾನ್ರು ಎರಡು ಪ್ರಶ್ನೆ ಕೇಳಿದ್ದಾರೆ. ರೈಲಿಗೆ ಜೆಆರ್ ಪಾಸ್ (ಅಲ್ಲಿನ ಜೆಆರ್ ಕಂಪನಿ ರೈಲುಗಳಲ್ಲಿ ಇಷ್ಟು ದಿನ ಅಂತ ಓಡಾಡೋ ಪಾಸು) ತಗೋಬೇಕಾ? ಹಿರೋಶಿಮಾ ಇಟ್ಟುಕೊಳ್ಳಬೇಕಾ ಬೇಡವಾ?

ಲೆಕ್ಕದ ಮೇಷ್ಟ್ರು

ಪಾಸ್ ಲೆಕ್ಕ ನಾನು ಹೇಳ್ತೀನಿ. 2023ರ ಅಕ್ಟೋಬರ್ ತನಕ 7 ದಿನದ ಪಾಸ್ 29,650 ಯೆನ್ ಇತ್ತು. ಆಮೇಲೆ ಒಂದೇ ಸಲ 50,000 ಮಾಡಿದರು. ಹಳೇ ವಿಡಿಯೋ ನೋಡಿ "ಕಣ್ಣು ಮುಚ್ಚಿ ತಗೊಳ್ಳಿ" ಅನ್ನೋರ ಮಾತು ಈಗ ನಡೆಯಲ್ಲ.

ಟೋಕಿಯೋ–ಕ್ಯೋಟೋ ಒಂದು ಕಡೆಗೆ ಸುಮಾರು 14,000. ಹೋಗಿಬರೋಕೆ 28,000. ಹಿರೋಶಿಮಾ ಸೇರಿಸಿದರೆ ಇನ್ನೊಂದು 22,000. ಅಂದ್ರೆ ಸರಿಯಾಗಿ ಪಾಸಿನ ದುಡ್ಡಿಗೆ ಬಂತು. ಆದ್ರೆ ಪಾಸಿನಲ್ಲಿ ವೇಗದ ನೊಜೋಮಿ ಹತ್ತಬೇಕಾದ್ರೆ ಮೇಲೆ ಮತ್ತೆ ಕಟ್ಟಬೇಕು. ಕೋಯಾಸಾನಿಗೆ ಹೋಗೋ ನಂಕೈ ರೈಲು ಜೆಆರ್ ಅಲ್ಲವೇ ಅಲ್ಲ. ಹಿರೋಶಿಮಾ ಬಿಟ್ಟರೆ ಪಾಸ್ ಪೂರಾ ನಷ್ಟ. ಬಿಡಿ ಟಿಕೆಟ್ ತಗೊಳ್ಳಿ. ಮಗಳಿಗೆ ಅರ್ಧ ಟಿಕೆಟ್. ಊರೊಳಗಿನ ರೈಲಿಗೆ, ಬಸ್ಸಿಗೆ ಮೊದಲೇ ದುಡ್ಡು ತುಂಬಿಸಿಕೊಳ್ಳೋ ಸುಯಿಕಾ ಕಾರ್ಡು.

ಹಾಸನದವನು

ಹಿರೋಶಿಮಾ ಬೇಡ. 9 ವರ್ಷದ ಮಗುವಿಗೆ ಆ ಮ್ಯೂಸಿಯಂ ಯಾಕೆ? ಸುಟ್ಟ ಬಟ್ಟೆ, ಕರಗಿದ ಊಟದ ಡಬ್ಬಿ. ನನಗೇ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಗಾಂಧಿಬಜಾರ್ ಓದುಗ

ನಾನು ಒಪ್ಪಲ್ಲ. ಜಪಾನಿನ ಶಾಲೆಗಳು ಪ್ರೈಮರಿ ಮಕ್ಕಳನ್ನೂ ಅಲ್ಲಿಗೆ ಕರ್ಕೊಂಡು ಬರುತ್ತವೆ. ಮ್ಯೂಸಿಯಂ ಒಳಗೆ ಬೇಡ ಅನ್ನಿಸಿದರೆ ಹೊರಗೆ ಮಕ್ಕಳ ಸ್ಮಾರಕ ಇದೆ. ಸದಾಕೊ ಸಸಾಕಿ ಅನ್ನೋ ಹುಡುಗಿ ಬಾಂಬು ಬಿದ್ದಾಗ 2 ವರ್ಷದವಳು, 12ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ನೆನಪಿಗೆ ಮಕ್ಕಳು ಮಡಚಿದ ಕಾಗದದ ಕೊಕ್ಕರೆಗಳನ್ನ ಲೋಕದ ಎಲ್ಲ ಕಡೆಯಿಂದ ತಂದು ಇಡ್ತಾರೆ. ನನ್ನ ಮಗ ಮನೆಯಲ್ಲೇ ಹತ್ತು ಮಾಡಿ ಒಯ್ದಿದ್ದ. ಅವನಿಗೆ ಭಯ ಆಗಲಿಲ್ಲ, ಪ್ರಶ್ನೆ ಬಂದವು. ಪ್ರಶ್ನೆ ಬರಲಿ ಬಿಡಿ.

ಟೋಕಿಯೋ ಕನ್ನಡಿಗ

ಇಬ್ಬರ ಮಾತೂ ನನಗೆ ಅರ್ಥ ಆಗುತ್ತೆ. ಆದರೆ ಈ ಸಲ ಹಿರೋಶಿಮಾ ಬೇಡ ಅಂತೀನಿ, ಮಗುವಿನ ಕಾರಣಕ್ಕಲ್ಲ. 11 ದಿನದಲ್ಲಿ ಮಂಡಿ ನೋವಿನವರನ್ನ ಕ್ಯೋಟೋದಿಂದ ಆಚೆಗೆ ಎಳೆದಾಡೋದು ಕಷ್ಟ. ತಕಾಯಾಮಾ, ಹೊಕ್ಕೈಡೋ, ಹಿರೋಶಿಮಾ ಮೂರನ್ನೂ ಬಿಡಿ. ಊರು ಕಡಿಮೆ ಆದಷ್ಟೂ ಕೂತು ನೋಡೋ ಹೊತ್ತು ಸಿಗುತ್ತೆ.

ಮೇ 15ಕ್ಕೆ ಕ್ಯೋಟೋದಲ್ಲೇ ಇರಿ. ಆವತ್ತು ಆಓಯಿ ಮತ್ಸುರಿ ಹಬ್ಬ. ಹಳೇ ಅರಮನೆಯಿಂದ ಬೆಳಗ್ಗೆ ಹತ್ತೂವರೆಗೆ ಮೆರವಣಿಗೆ ಹೊರಡುತ್ತೆ, ಐನೂರಕ್ಕೂ ಹೆಚ್ಚು ಜನ ಸಾವಿರ ವರ್ಷದ ಹಿಂದಿನ ಉಡುಪು ಹಾಕಿರ್ತಾರೆ. ಎತ್ತಿನ ಗಾಡಿ ಬರುತ್ತೆ, ಆ ಗಾಡಿಗೆ ಫುಜಿ ಹೂವಿನ ಗೊಂಚಲುಗಳನ್ನೇ ಇಳಿಬಿಟ್ಟಿರ್ತಾರೆ. ಮೈಸೂರಿನವರಿಗೆ ಜಂಬೂಸವಾರಿ ಗೊತ್ತಲ್ಲ, ಆದ್ರೆ ಇಲ್ಲಿ ಸದ್ದೇ ಇರಲ್ಲ. ಗಾಡಿ ಚಕ್ರ ಕಿರುಗುಟ್ಟೋದು ಕೇಳುತ್ತೆ. ದುಡ್ಡು ಕೊಟ್ಟು ಕುರ್ಚಿ ಸೀಟು ಕಾದಿರಿಸಬಹುದು. ಅತ್ತೆಗೆ ಅದನ್ನೇ ಮಾಡಿ.

ಹುಬ್ಬಳ್ಳಿ ಅಣ್ಣ

ನಾರಾ ಬಿಡಬ್ಯಾಡ್ರಿ ಮತ್ತ. ಕ್ಯೋಟೋದಿಂದ ಒಂದು ತಾಸು. ಅಲ್ಲಿನ ತೋದಾಯ್‌ಜಿಯಲ್ಲಿ 15 ಮೀಟರ್ ಎತ್ತರದ ಬುದ್ಧ ಅದಾನ. 752ರಲ್ಲಿ ಅವನ ಕಣ್ಣು ತೆರೆಯೋ ಶಾಸ್ತ್ರ ಮಾಡಿದವರು ನಮ್ಮ ದೇಶದಿಂದ ಹೋದ ಬೋಧಿಸೇನ ಅನ್ನೋ ಭಿಕ್ಷು.

ನವಿಲುಗರಿ

ನಾರಾದ ಜಿಂಕೆಗಳ ಹತ್ತಿರ ಮಗಳ ಕೈ ಬಿಡಬೇಡಿ. ಮೇ ಮಧ್ಯದಿಂದ ಮರಿ ಹಾಕೋ ಕಾಲ, ತಾಯಿ ಜಿಂಕೆ ಹಾಯುತ್ತೆ. ಬಿಸ್ಕತ್ತು ಕೈಯಲ್ಲಿ ಹಿಡಿದು ಆಟ ಆಡಿಸಬಾರದು, ಬೇಗ ಕೊಟ್ಟುಬಿಡಬೇಕು. ನನ್ನ ಸೀರೆ ಸೆರಗು ಜಗಿದಿತ್ತು ಒಂದು.

ತೀರ್ಥಹಳ್ಳಿ ಕಾಯಿಕಡುಬು

ಟೋಕಿಯೋದಲ್ಲಿ ಅಸಾಕುಸಾಗೆ ಹೋದಾಗ ಅಲ್ಲೇ ಹತ್ತಿರ ಮತ್ಸುಚಿಯಾಮಾ ಶೋದೆನ್ ಇದೆ. ಅಲ್ಲಿನ ದೇವರು ಕಾಂಗಿತೆನ್, ನಮ್ಮ ಗಣಪತಿಯೇ. ಮೂರ್ತಿ ತೋರಿಸಲ್ಲ, ಮುಚ್ಚಿಟ್ಟಿರ್ತಾರೆ. ನೈವೇದ್ಯಕ್ಕೆ ಮೂಲಂಗಿ! ನಿಮ್ಮತ್ತೆಗೆ ಖಂಡಿತ ಇಷ್ಟ ಆಗುತ್ತೆ.

ಡಿ.ಎ. ಪುರ

ಗಣಪತಿಗೆ ಮೂಲಂಗಿನಾ? ನಮ್ಮಮ್ಮನಿಗೆ ಹೇಳಿದ್ರೆ ನಂಬಲ್ಲ.

ಲೆಕ್ಕದ ಮೇಷ್ಟ್ರು

ಸಾಮಾನಿನ ಬಗ್ಗೆ ಯಾರೂ ಹೇಳಲಿಲ್ಲ. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟಿದ ಸೂಟ್‌ಕೇಸಿಗೆ ಕ್ಯೋಟೋ ಕಡೆಯ ಶಿಂಕನ್ಸೆನ್‌ನಲ್ಲಿ ಜಾಗ ಮುಂಚೆಯೇ ಕಾದಿರಿಸಬೇಕು. ಕಾದಿರಿಸದೆ ಹತ್ತಿದರೆ 1,000 ಯೆನ್ ದಂಡ. ಅದರ ಬದಲು ತಕ್ಕ್ಯೂಬಿನ್ ಮಾಡಿ. ಹೋಟೆಲ್ ಕೌಂಟರಿನಲ್ಲಿ ಕೊಟ್ಟರೆ ಮಾರನೇ ದಿನ ಮುಂದಿನ ಹೋಟೆಲಿಗೆ ಬಂದಿರುತ್ತೆ. ಕೋಯಾಸಾನಿಗೆ ಒಂದು ಸಣ್ಣ ಬ್ಯಾಗು ಮಾತ್ರ ಒಯ್ಯಿರಿ. ರೈಲು, ಆಮೇಲೆ ಕೇಬಲ್ ಕಾರು, ಆಮೇಲೆ ಬಸ್ಸು. ಮೂರು ಸಲ ಹತ್ತಿ ಇಳಿಯಬೇಕು.

ಟೋಕಿಯೋ ಕನ್ನಡಿಗ

ವೀಸಾ ಬಗ್ಗೆ ಒಂದು ಮಾತು. ಇ-ವೀಸಾ ಬಂದರೆ ಅದನ್ನ ವಿಮಾನ ನಿಲ್ದಾಣದಲ್ಲಿ ಇಂಟರ್‌ನೆಟ್ ಇರೋ ಫೋನಿನಲ್ಲಿ ತೆರೆದು ತೋರಿಸಬೇಕು. ಪ್ರಿಂಟು, ಸ್ಕ್ರೀನ್‌ಶಾಟ್ ಒಪ್ಪಲ್ಲ. ಅತ್ತೆಯದನ್ನೂ ನಿಮ್ಮ ಫೋನಿನಲ್ಲೇ ತೆರೆಯೋಕೆ ಬರುತ್ತಾ ಅಂತ ಮನೆಯಲ್ಲೇ ಒಂದು ಸಲ ನೋಡಿಕೊಳ್ಳಿ.

ಸಂಪಿಗೆಮರ

ಟಿಕೆಟ್ ಆಯ್ತು! ಬೆಂಗಳೂರಿಂದ ಟೋಕಿಯೋದ ನರಿಟಾ ನಿಲ್ದಾಣಕ್ಕೆ ನೇರ ವಿಮಾನವೇ ಸಿಕ್ಕಿತು. ನಾಲ್ಕು ದಿನ ಕೂತು ಎಲ್ಲರೂ ಸೇರಿ ಮಾಡಿದ ಪಟ್ಟಿ ಇದು.

ಮೇ 7ಕ್ಕೆ ಟೋಕಿಯೋ. 8ಕ್ಕೆ ಆಶಿಕಾಗಾ, ಬೇರೆ ಏನೂ ಇಲ್ಲ, ಇಡೀ ದಿನ ಅದಕ್ಕೇ. 9, 10 ಟೋಕಿಯೋದಲ್ಲೇ, ಮೂಲಂಗಿ ಗಣಪತಿ ಸೇರಿಸಿ. 11ಕ್ಕೆ ಕ್ಯೋಟೋ, 12ಕ್ಕೆ ನಾರಾ. 13ಕ್ಕೆ ಕೋಯಾಸಾನಿನಲ್ಲಿ ಒಂದು ರಾತ್ರಿ. ಮಂಚ ಇರೋ ಕೋಣೆ, ಕುರ್ಚಿ ಇರೋ ಊಟದ ಮನೆ ಎರಡೂ ಇದೆ ಅಂತ ಬರೆದು ಉತ್ತರ ಕೊಟ್ಟಿದ್ದಾರೆ. ಮೊಟ್ಟೆ ಹಾಕಲ್ಲ ಅಂತಲೂ ಬರೆದಿದ್ದಾರೆ. 14 ವಿಶ್ರಾಂತಿ. 15ಕ್ಕೆ ಮೆರವಣಿಗೆ, ಕುರ್ಚಿ ಸೀಟು. 16ಕ್ಕೆ ಟೋಕಿಯೋ, 17ಕ್ಕೆ ಮನೆ. ಹಿರೋಶಿಮಾ ಬಿಟ್ಟಿದ್ದಕ್ಕೆ ಯಜಮಾನ್ರಿಗೆ ಬೇಜಾರಿದೆ. ಮಗಳು ಮಾತ್ರ ಕೊಕ್ಕರೆ ಮಡಚೋದು ಕಲಿತಾಯ್ತು, ಮನೆ ತುಂಬ ಕಾಗದ.

ಪಾರ್ಕಿನಲ್ಲಿ ನೇರಳೆ ಇರದೇ ಹೋಗಬಹುದು ಅಂತ ಅತ್ತೆಗೆ ಮುಂಚೆಯೇ ಹೇಳಿದ್ದೀನಿ. "ಬಿಳಿಯಾದರೂ ಫುಜಿನೇ ತಾನೇ" ಅಂದರು. ಕಾರ್ಡನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಪಾಸ್‌ಪೋರ್ಟ್ ಜೊತೆ ಇಟ್ಟಿದ್ದಾರೆ.

ಒಸಾಕಾದ ಸೊಸೆ

13ಕ್ಕೆ ನಾನೂ ನಂಬಾ ಸ್ಟೇಷನ್ನಿಗೆ ಬರ್ತೀನಿ ಅಕ್ಕ. ಮೆಸೇಜ್ ಹಾಕಿ. ರೈಲು ಹತ್ತಿಸಿ, ಅತ್ತೆಗೆ ಕಿಟಕಿ ಪಕ್ಕ ಜಾಗ ಕೊಡಿಸಿಯೇ ವಾಪಸ್ ಹೋಗ್ತೀನಿ. ನಿಮ್ಮ ಮಾತ್ರೆ, ನೀರು ಎಲ್ಲ ಕೈಬ್ಯಾಗಿನಲ್ಲೇ ಇರಲಿ.

ಸಂಪಿಗೆಮರ

ಖಂಡಿತ ಬನ್ನಿ! ಅತ್ತೆ ನಿಮಗೆ ಚಟ್ನಿಪುಡಿ ತರ್ತಾರಂತೆ, ಈಗಲೇ ಹೇಳಿದರು.

ಕೊನೇ ಪ್ರಶ್ನೆ. 11ರ ರೈಲಿಗೆ ಸೀಟು ಆರಿಸೋಕೆ ಕೇಳ್ತಿದೆ. ಫುಜಿ ಬೆಟ್ಟ ಯಾವ ಕಡೆ ಕಾಣುತ್ತೆ? ಎಡಗಡೆ ಅಂತ ಯಾರೋ ಅಂದರು.

ಲೆಕ್ಕದ ಮೇಷ್ಟ್ರು

ಎಡಗಡೆ ಅಲ್ಲ, ಬಲಗಡೆ. ಎರಡೆರಡು ಸೀಟು ಇರೋ ಸಾಲು, ಕಿಟಕಿ ಪಕ್ಕದ್ದು "E". ಬೆಳಗ್ಗಿನ ರೈಲು ತಗೊಳ್ಳಿ, ಮಧ್ಯಾಹ್ನಕ್ಕೆ ಮೋಡ ಮುಚ್ಚುತ್ತೆ. ಟೋಕಿಯೋ ಬಿಟ್ಟು 40 ನಿಮಿಷ ಆದಮೇಲೆ ಮಾತು ನಿಲ್ಲಿಸಿ ಹೊರಗೆ ನೋಡ್ತಿರಿ, ಬೇಗ ದಾಟಿಹೋಗುತ್ತೆ.